ಹಾರಿಸಬಾರದ ಬಂದೂಕು

“ಗುಂಡು ಹಾಕೋ ಅಭ್ಯಾಸ ಇಲ್ಲದ ಹುಡುಗ ಅಂತ ತಾನೇ ನಮ್ಮಪ್ಪ ನನ್ನನ್ನ ನಿಮಗೆ ಕೊಟ್ಟಿದ್ದು?” ಎಂದಳು ಸಂಯುಕ್ತಾ, ಸೌಟು ಹಿಡಿದ ಕೈಯನ್ನು ಸೊಂಟಕ್ಕಿಟ್ಟು.

“ಅದನ್ನೇ ಹೇಳ್ತಿರೋದು ಕಣೇ. ಇದಕ್ಕೂ ಗುಂಡು ಹಾಕೋ ಹಾಗಿಲ್ಲ. ಒಂದ್ಸಲ ಹಾರಿಸಿದ್ರೂ ವ್ಯಾಲ್ಯೂ ಬಿದ್ದೋಗುತ್ತೆ,” ಎಂದ ಅವಳ ಗಂಡ ಮಧ್ವೇಶ.

ಮಧ್ವೇಶ ಜಿರಲೆ ಕಂಡರೆ ಕುರ್ಚಿ ಹತ್ತುವ ಪ್ರಾಣಿ. ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಕೋಡು ಬರೆದುಕೊಂಡು, ಮನೆಯಲ್ಲಿ ಏಕಾದಶಿ ಮಾಡಿಕೊಂಡು ತೆಪ್ಪಗಿದ್ದವನಲ್ಲಿ ಇದ್ದಕ್ಕಿದ್ದಂತೆ ಕ್ಷಾತ್ರತೇಜಸ್ಸು ಉಕ್ಕಿದ್ದು ಲಾಸ್ ಗ್ಯಾಟೋಸಿನ ರಾಮನಾಥರ ದೆಸೆಯಿಂದ. ಮಂಗಳೂರು ಕಡೆಯ ಈ ನಿವೃತ್ತ ಹಲ್ಲಿನ ಡಾಕ್ಟರಿಗೆ ರೈಫಲ್ಲು ಸಂಗ್ರಹಿಸುವ ಹವ್ಯಾಸ. ಅವುಗಳಲ್ಲೊಂದು ‘ಲಿಮಿಟೆಡ್ ಎಡಿಷನ್’. ಯಾವುದೋ ರೈಲುದಾರಿಗೆ ನೂರು ತುಂಬಿತೆಂದು ಕಂಪನಿಯವರು ಐನೂರೇ ಐನೂರು ಮಾಡಿ, ನಂಬರು ಕೆತ್ತಿ, ಅಲ್ಲಿಗೆ ನಿಲ್ಲಿಸಿಬಿಟ್ಟದ್ದು. ಅದನ್ನು ‘ನಮ್ಮ ಹುಡುಗ’ ಎಂಬ ಅಂತಃಕರಣದಿಂದ ಮಧ್ವೇಶನಿಗೆ ಬಿಟ್ಟುಕೊಡಲು ಒಪ್ಪಿದ್ದರು. ಮಗಳು ನಿಹಾರಿಕಾ ಕಾಲೇಜಿಗೆ ಹೋಗುವ ಹೊತ್ತಿಗೆ ಅದರ ಬೆಲೆ ಆಕಾಶಕ್ಕೇರುತ್ತದಂತೆ. (ನಿಹಾರಿಕಾ ಸದ್ಯ ಡೇಕೇರಿನಲ್ಲಿ, ಪಕ್ಕದವರನ್ನು ಕಚ್ಚಬಾರದೆಂಬ ಪಾಠದಲ್ಲಿದ್ದಳು.)

ಬೀಗ ಹಾಕಿದ ಕಪಾಟಿನಿಂದ ಬಿಸ್ಕತ್ತು ತೆಗೆಯುವ ಮಗುವಿರುವ ಮನೆಗೆ ಬಂದೂಕು ಬರಕೂಡದು; ಸಂಯುಕ್ತಾಳಿಗೆ ಇದ್ದದ್ದು ಅದೊಂದೇ ಭಯ. ಆದರೆ ಭಯ ಅಂತ ಬಾಯಿಬಿಟ್ಟರೆ ಮಧ್ವೇಶ ಕಬ್ಬಿಣದ ಸೇಫಿನ ವಿಚಾರವಾಗಿ ಒಂದು ಗಂಟೆ ಉಪನ್ಯಾಸ ಕೊಡುತ್ತಾನೆ. ಆದ್ದರಿಂದ ಅವಳು ಬೇರೆ ಕಡೆಯಿಂದ ಹಿಡಿದಳು.

“ಬೆಲೆ ಏರೋದೇ ಆದ್ರೆ, ಅವರ್ಯಾಕ್ರೀ ಮಾರ್ತಿದ್ದಾರೆ?”

ಕೊನೆಗೆ ಒಪ್ಪಂದವಾಯಿತು: ಬೆಲೆ ಏರುವುದಿಲ್ಲವೆಂದು ಅವಳು ಸಾಧಿಸಿದರೆ ಬಂದೂಕು ಇಲ್ಲ.

ಶನಿವಾರ ಲಾಸ್ ಗ್ಯಾಟೋಸಿನಲ್ಲಿ ರಾಮನಾಥರು ಬಿಳಿ ಕೈಗವಸು ತೊಟ್ಟು, ಮದುಮಗಳನ್ನು ಮಂಟಪಕ್ಕೆ ಕರೆತರುವ ಸೋದರಮಾವನ ಗಾಂಭೀರ್ಯದಲ್ಲಿ ರೈಫಲ್ಲು ತಂದರು.

“ಬರಿಗೈಯಲ್ಲಿ ಮುಟ್ಟಬೇಡಿ ಮಾರಾಯ್ರೇ, ಬೆವರು ತಾಗಿದರೆ ತುಕ್ಕು!”

“ಇದನ್ನ ಕೊಂಡುಕೊಂಡ ಬೇರೆಯವರೆಲ್ಲ ಏನು ಮಾಡಿದ್ದಾರೆ ಅಂಕಲ್?” ಎಂದಳು ಸಂಯುಕ್ತಾ, ಮಗಳನ್ನು ಕಂಕುಳಲ್ಲಿ ಅವುಚಿಕೊಂಡು.

“ಎಲ್ಲರೂ ಹೀಗೆಯೇ ಜೋಪಾನ ಮಾಡಿ ಇಟ್ಟಿದ್ದಾರೆ. ಒಬ್ಬನೂ ಹಾರಿಸಲಿಲ್ಲ.”

“ಹಾಗಾದ್ರೆ ಐನೂರೂ ಹೊಸದಾಗೇ ಇವೆ. ಒಂದೂ ಮುರಿಯಲ್ಲ, ಒಂದೂ ಕಳೆಯಲ್ಲ. ಮತ್ತೆ ಅಪರೂಪ ಆಗೋದು ಹೇಗೆ?”

ಅವಳು ಬಿಡಲಿಲ್ಲ. “ನಾಳೆ ಕಂಪನಿಯವರು ಯಾವುದೋ ಸೇತುವೆಗೆ ನೂರು ತುಂಬ್ತು ಅಂತ ಇನ್ನೊಂದು ಐನೂರು ಮಾಡಿದ್ರೆ?”

“ಮಾಡಿಯಾಯ್ತು,” ಎಂದರು ರಾಮನಾಥರು, ಪಾತಾಳದಿಂದ ಬಂದಂಥ ದನಿಯಲ್ಲಿ.

ಅಷ್ಟರಲ್ಲಿ ಬಂದೂಕಿನ ಮರದ ಹಿಡಿಯ ಮೇಲೆ ಅವಳ ಕಣ್ಣು ಬಿತ್ತು. ಕೆಂಪಗೆ, ಬೆರಳಗಲದ ಕಲೆ.

“ಅಯ್ಯಯ್ಯೋ ರಕ್ತ! ರೀ, ಇದ್ರಲ್ಲಿ ಯಾರನ್ನೋ ಹೊಡೆದಿದ್ದಾರೆ!”

ಅಡಿಗೆಮನೆಯಿಂದ ರಾಮನಾಥರ ಹೆಂಡತಿ ಗುಲಾಬಿ ಕೈ ಒರೆಸುತ್ತ ಓಡಿಬಂದರು. “ಎಂಥ ರಕ್ತ ಮಾರಾಯ್ತಿ? ಅದು ಕುಂಕುಮ! ಆಯುಧಪೂಜೆಗೆ ಆಯುಧಕ್ಕೆ ಇಡದೆ ಮತ್ತೆಂಥದ್ದಕ್ಕೆ ಇಡುವುದು? ನಾನು ಮನೆಯಲ್ಲಿ ಒಂದನ್ನೂ ಬಿಡುವುದಿಲ್ಲ. ವರ್ಷ ವರ್ಷ ನೀರಲ್ಲಿ ಕಲಸಿ ಚೆಂದ ಮಾಡಿ ಇಡ್ತೇನೆ.”

ರಾಮನಾಥರು ಕೈಗವಸು ಕಳಚಿದರು. “ಉಜ್ಜಿದರೆ ಪಾಲಿಷ್ ಹೋಗ್ತದೆ, ಬಿಟ್ಟರೆ ಕಲೆ ಉಳಿತದೆ. ಇಲ್ಲಿ ಬಂದೂಕು ಸಂಗ್ರಹಿಸುವವರು ನೋಡಿದ ಕೂಡಲೇ ಬೇಡ ಅಂತಾರೆ. ನಮ್ಮವರಾದರೆ ಶುಭ ಅಂತ ತೆಗೊಳ್ತಾರೇನೋ ಅಂತ...”

ಯಾಕೆ ಮಾರುತ್ತಿದ್ದಾರೆಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಮಧ್ವೇಶನ ಕ್ಷಾತ್ರತೇಜಸ್ಸು ಅಲ್ಲೇ ಆರಿತು. “ಗಂಡಸರು ಮಾತಾಡಿಕೊಳ್ಳಲಿ, ನೀನು ಬಾ, ಬನ್ಸ್ ಬಿಸಿ ಉಂಟು,” ಎಂದು ಗುಲಾಬಿ ವಿಜಯಿ ಸಂಯುಕ್ತಾಳನ್ನು ಒಳಗೆ ಕರೆದೊಯ್ದರು.

ವಾಪಸು ಬರುವಾಗ ಫ್ರೀವೇ ಉದ್ದಕ್ಕೂ ಸಂಯುಕ್ತಾಳ ದಿಗ್ವಿಜಯದ ವರ್ಣನೆ. ಮಧ್ವೇಶ ಹ್ಞೂಂಗುಟ್ಟುತ್ತ ಕನ್ನಡಿಯಲ್ಲಿ ಹಿಂದೆ ನೋಡಿದ. ಮಗಳ ಕಾರ್‌ಸೀಟಿನ ಪಕ್ಕ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ.

“ಅದೇನು?”

“ಅದಾ? ಗುಲಾಬಿ ಆಂಟಿ ಕೊಟ್ರು. ಅಂದ್ರೆ, ನಾನೇ ತಗೊಂಡೆ. ಚನ್ನಪಟ್ಟಣದ ದಸರಾ ಗೊಂಬೆ, ಜಂಬೂಸವಾರಿ ಸೆಟ್ಟು. ಮಾಡಿರೋದೇ ಐವತ್ತು ರೀ! ಮುಂದೆ ಒಳ್ಳೇ ಬೆಲೆ ಬರುತ್ತೆ.”

“ಓ. ಈ ನವರಾತ್ರಿಗೆ ಕೂರಿಸ್ತೀಯಾ?”

“ಕೂರಿಸೋದಾ! ಪೆಟ್ಟಿಗೆ ತೆರೆದ್ರೆ ವ್ಯಾಲ್ಯೂ ಬಿದ್ದೋಗುತ್ತೆ.”

ಮಧ್ವೇಶ ನಗಲಿಲ್ಲ. ತಾಳ್ಮೆಯಿಂದ ಲೇನು ಬದಲಿಸಿ ಕೇಳಿದ: “ಬೆಲೆ ಏರೋದೇ ಆದ್ರೆ, ಅವರ್ಯಾಕೆ ಮಾರಿದ್ರು?”

“ಅವರ ಕಡೆ ಗೊಂಬೆ ಕೂರಿಸೋ ಪದ್ಧತಿ ಇಲ್ವಂತೆ. ಯಾರೋ ಮೈಸೂರಿನವರು ಕೊಟ್ಟಿದ್ದಂತೆ. ಮುಟ್ಟೇ ಇಲ್ವಂತೆ...” ಅವಳ ದನಿ ಒಂದೊಂದು ‘ಅಂತೆ’ಗೂ ಒಂದೊಂದು ಮೆಟ್ಟಿಲು ಇಳಿಯಿತು. ಪೆಟ್ಟಿಗೆ ಹಳೆಯದಾದರೂ ಅದರ ಟೇಪು ಹೊಚ್ಚಹೊಸದಾಗಿ ಹೊಳೆಯುತ್ತಿದ್ದದ್ದು ಈಗ ನೆನಪಾಯಿತು. ಇಡೀ ದಿನ ಎಲ್ಲರನ್ನೂ ಅನುಮಾನಿಸಿದ ಬುದ್ಧಿ, ಬಿಸಿ ಬನ್ಸ್ ಮುಂದೆ ಎಲ್ಲಿ ಹೋಗಿತ್ತು?

ಹಿಂದಿನಿಂದ ಚರ್‍ರೆಂದು ಟೇಪು ಹರಿದ ಸದ್ದು.

“ನಿಹೂ! ಮುಟ್ಟಬೇಡ!”

ನಿಹಾರಿಕಾ ಆಗಲೇ ಅಂಬಾರಿ ಆನೆಯನ್ನು ಎತ್ತಿ ಹಿಡಿದಿದ್ದಳು. ಅವಳ ಕಣ್ಣು ತುಂಬಿ ಬಂದಿತ್ತು.

“ಅಮ್ಮಾ! ಎಲಿಫೆಂಟ್ ಈಸ್ ಬ್ಲೀಡಿಂಗ್!”

ಆನೆಯ ಹಣೆ ತುಂಬ ಬೆರಳಗಲದ ಕೆಂಪು.

ಸಂಯುಕ್ತಾ ಕಿಟಕಿಯಾಚೆಯ ಬೆಟ್ಟಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ಉತ್ತರ ಕೊಟ್ಟವನು ಮಧ್ವೇಶನೇ, ಅಪ್ಪಟ ಮಂಗಳೂರು ಕನ್ನಡದಲ್ಲಿ:

“ಎಂಥ ರಕ್ತ ಮಾರಾಯ್ತಿ? ಅದು ಕುಂಕುಮ!”