ಅಕ್ಕನ ಕಾಣದ ಕಂಪ್ಯೂಟರು

ನಮ್ಮ ಅಕ್ಕನಿಗೆ ಒಂದು ದೊಡ್ಡ ಕಂಪ್ಯೂಟರಿದೆ. ಅದನ್ನು ಅವಳು ಈವರೆಗೆ ಕಣ್ಣಾರೆ ನೋಡಿಲ್ಲ! ಯಾವ ಊರಿನಲ್ಲಿದೆ, ಕರಿಯದೋ ಬಿಳಿಯದೋ, ಒಂದೂ ತಿಳಿಯದು. ಆದರೂ ದಿನಾ ಬೆಳಿಗ್ಗೆ ಅದಕ್ಕೆ ಕೈಮುಗಿದೇ ಕೆಲಸ ಶುರು. ನಮ್ಮೂರು ಕಟಕೋಳದಲ್ಲಿ ಕೂತು ಕಾಣದ ಊರಿನ ಯಂತ್ರಕ್ಕೆ ಯಾವ ದಿಕ್ಕಿಗೆ ಕೈಮುಗಿಯಬೇಕು? ಕೇಳಿದರೆ, “ಅದಕ್ಕ ನಾಕೂ ದಿಕ್ಕಿಗೆ ಮುಗೀತೇನಿ,” ಅನ್ನುತ್ತಾಳೆ.

ಅಕ್ಕನ ಕೆಲಸ ಸೀರೆಯ ಸೆರಗಿಗೆ, ದಡಿಗೆ, ಅಂದರೆ ಅಂಚಿಗೆ, ಡಿಸೈನ್ ತೆಗೆಯುವುದು. ರಾಮದುರ್ಗದ ನೇಕಾರರು ಅದನ್ನು ಮಗ್ಗಕ್ಕೆ ಏರಿಸುತ್ತಾರೆ. ಆದರೆ ಆ ಡಿಸೈನ್‌ಗಳ ಮೇಲೆ ಇರಬೇಕಿದ್ದ ಅವಳ ಹೆಸರನ್ನು ಎರಡು ವರ್ಷ ನಾನೇ ನುಂಗಿ ಕೂತಿದ್ದೆ. ಆ ಮಾತು ಸ್ವಲ್ಪ ತಡೆದು ಹೇಳುತ್ತೇನೆ. ನಾಚಿಕೆಯ ಮಾತಿಗೆ ಧೈರ್ಯ ಬೇಕಲ್ಲ!

ನಮ್ಮ ಮನೆಯಲ್ಲಿರುವುದು ಮುಚ್ಚಿಹೋದ ಫೋಟೊ ಸ್ಟುಡಿಯೊದಿಂದ ತಂದ ಮುದಿ ಕಂಪ್ಯೂಟರು. ಒಂದು ನವಿಲು ಬಿಡಿಸುವಷ್ಟರಲ್ಲಿ ಅದಕ್ಕೆ ಏದುಸಿರು. ಅದಕ್ಕೇ ಅಕ್ಕ ಚಿತ್ರ ಬಿಡಿಸುವ ತಂತ್ರಾಂಶವನ್ನು ದೂರದ ಬಾಡಿಗೆ ಕಂಪ್ಯೂಟರಿನಲ್ಲಿ ಹಾಕಿಸಿಕೊಂಡಿದ್ದಾಳೆ. ಕ್ಲೌಡ್ ಅನ್ನುತ್ತಾರಂತೆ. ದುಡಿತವೆಲ್ಲ ಅಲ್ಲಿ, ನಮ್ಮ ಪರದೆಗೆ ಬರುವುದು ಬರೀ ನೋಟ. ಆ ತಂತ್ರಾಂಶವೂ ಓಪನ್ ಸೋರ್ಸ್. ಯಾರ್ಯಾರೋ ಕೂಡಿ ಬರೆದು, ಬೇಕಾದವರು ಬಳಸಲಿ, ತಿದ್ದಲಿ ಎಂದು ಬಿಟ್ಟದ್ದು. “ಊರ ಬಾವಿ ಇದ್ದಂಗೋ ತಮ್ಮಾ, ಯಾರ ಬೇಕಾದ್ರೂ ಸೇದಬಹುದು,” ಅನ್ನುವ ಅಕ್ಕ, ಆ ಗುರುತಿಲ್ಲದ ಪುಣ್ಯಾತ್ಮರಿಗೆಂದು ಹಬ್ಬದ ದಿನ ಒಂದು ಹೋಳಿಗೆ ಎತ್ತಿಡುತ್ತಾಳೆ. ಅವರ ಪರವಾಗಿ ತಿನ್ನುವವನು ನಾನು!

ಒಮ್ಮೆ ಡಿಸೈನ್ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ನಾನು ತಲೆ ಮೇಲೆ ಕೈ ಹೊತ್ತೆ. ಅಕ್ಕ ಬಳ್ಳೊಳ್ಳಿ ಸುಲಿಯುತ್ತ ಕೂತಳು. “ಕರೆಂಟ್ ಹೋಗಿದ್ದು ನಮ್ಮ ಮನ್ಯಾಗ, ಅಲ್ಲಿ ಅಲ್ಲ. ನವಿಲು ಹಾರಿ ಎಲ್ಲಿ ಹೋಗತೈತಿ?” ಕರೆಂಟು ಬಂದ ಮೇಲೆ ನೋಡಿದರೆ, ನವಿಲು ಒಂದು ಗರಿಯೂ ಉದುರದೆ ನಿಂತಿತ್ತು.

ಇನ್ನೊಮ್ಮೆ ಅವಳು ಸಂಪಗಾಂವಕ್ಕೆ ಮದುವೆಗೆ ಹೋಗಿದ್ದಳು. ಮನೆಯಲ್ಲಿ ಕಂಪ್ಯೂಟರಿನ ಧೂಳು ಒರೆಸುತ್ತಿದ್ದ ನನ್ನ ಕಣ್ಣೆದುರೇ ಪರದೆಯ ನವಿಲು ಕತ್ತು ಹೊರಳಿಸಿ ನನ್ನನ್ನೇ ನೋಡಿತು! ಕೂಡಲೇ ಅಕ್ಕನಿಗೆ ಫೋನ್ ಹಚ್ಚಿದೆ.

“ಅಂಜಬ್ಯಾಡಲೇ, ನಾನ ತಿರುಗಿಸೀನಿ. ಮೊಬೈಲ್‌ನಾಗೂ ಅದ ಕಂಪ್ಯೂಟರ್ ಬರತೈತಿ. ಇಲ್ಲಿ ಅಕ್ಕಿಕಾಳು ಹಾಕೂದು ತಡ ಆತು, ಅಷ್ಟರಾಗ ಅದರ ಕುತ್ತಿಗಿ ನೆನಪಾತು.”

ಮದುಮಗಳು ಹೇಗಿದ್ದಳೆಂದು ಮರುದಿನ ಕೇಳಿದರೆ ಅವಳಿಗೆ ನೆನಪಿರಲಿಲ್ಲ. ಮದುಮಗಳ ಸೀರೆಯ ದಡಿ ಮಾತ್ರ ಎಳೆ ಎಳೆಯಾಗಿ ನೆನಪಿತ್ತು!

ಇನ್ನು ನನ್ನ ತಪ್ಪು. ನಾನು ಟಂಟಂ ಆಟೊ ಓಡಿಸುವವನು, ಓದು ಐದನೆಯ ತರಗತಿಗೇ ಮುಗಿಯಿತು. ಅಕ್ಕನ ಡಿಸೈನ್‌ಗಳನ್ನು ರಾಮದುರ್ಗಕ್ಕೆ ಮುಟ್ಟಿಸುವುದು ನನ್ನ ಪಾಲಿನ ಕೆಲಸ. ಮೊದಲ ಸಲವೇ ನೇಕಾರರೊಬ್ಬರು ಕೇಳಿದರು, “ಯಾರ ತಗದಾರೋ ಇದನ್ನ?” ಬಾಯಿಗೆ ಏನು ಬಂತೋ, “ನಾನ ರೀ,” ಅಂದೆ.

“ಭಾಳ ಶಾಣ್ಯಾ ಅದೀಯಲ್ಲೋ!” ಎಂದು ಬೆನ್ನು ತಟ್ಟಿದರು.

ನನ್ನನ್ನು ಜಾಣ ಎಂದವರು ಅವರೇ ಮೊದಲಿಗರು. ಆ ಮಾತಿನ ರುಚಿ ಹತ್ತಿದ ಮೇಲೆ ಬಿಡುವುದು ಹೇಗೆ? ಸುಳ್ಳು ನನ್ನ ಟಂಟಂ ಹತ್ತಿ ವಾರವಾರ ರಾಮದುರ್ಗಕ್ಕೆ ಬಂತು.

ಹೋದ ತಿಂಗಳು ನೇಕಾರರ ಸಂಘದ ಹಿರಿಯರೊಬ್ಬರು ನೇರ ಮನೆಗೇ ಬಂದುಬಿಟ್ಟರು. “ಸಂಘಕ್ಕ ಖಾಯಂ ಡಿಸೈನ್ ತಗಿಯೋರು ಬೇಕಾಗೇತಿ ತಮ್ಮಾ. ನಿನ್ನ ಹಚ್ಕೋಬೇಕಂತ ಮಾಡೇವಿ. ಒಂದು ಹೂ ತಗದು ತೋರಸು.”

ಅಕ್ಕ ಅಡುಗೆಮನೆಯಲ್ಲಿ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ನಾದುವ ಸದ್ದು ನಿಂತಿತು. ನಾನು ಕುರ್ಚಿಯಲ್ಲಿ ಕೂತೆ. ನನಗೆ ಬರುತ್ತಿದ್ದದ್ದು ಎರಡೇ ವಿದ್ಯೆ: ಮೌಸ್ ಹಿಡಿಯುವುದು, ಇದ್ದದ್ದನ್ನು ಅಳಿಸುವುದು. ಅಷ್ಟರಲ್ಲಿ ಪರದೆಯ ಮೇಲಿನ ಬಾಣ ತಾನಾಗಿ ಓಡಾಡತೊಡಗಿತು! ದಳದ ಪಕ್ಕ ದಳ, ಬಳ್ಳಿ, ಮೊಗ್ಗು.

“ಕೈ ಅಳ್ಳಾಡೂದ ಕಾಣೂದಿಲ್ಲಲ್ಲೋ! ಏನ್ ಕೈಚಳಕ!” ಹಿರಿಯರು ಬೆರಗಾದರು.

ಪರದೆಯ ಮೂಲೆಯಲ್ಲಿ ಅಕ್ಷರ ಮೂಡಿತು: ‘ಬಾಯಿ ಮುಚ್ಚು, ನೊಣ ಹೊಕ್ಕೀತು.’ ಹಿರಿಯರು ಕನ್ನಡಕ ಹುಡುಕುವಷ್ಟರಲ್ಲಿ ಅದು ಮಾಯ.

“ಛಲೋ ಆತು. ಈಗ ಕೆಳಗ ಡಿಸೈನ್ ಮಾಡಿದವರ ಹೆಸರು ಬರಿ. ಸಂಘದಾಗ ಅದನ್ನ ತೋರಿಸಿ ಕೆಲಸ ಪಕ್ಕಾ ಮಾಡತೇನಿ.”

ಬಾಣ ನಿಂತಿತು. ಆಮೇಲೆ ಒಂದೊಂದೇ ಅಕ್ಷರವಾಗಿ ಬರೆಯತೊಡಗಿತು. ನನ್ನ ಹೆಸರು! ಚಿಕ್ಕಂದಿನಲ್ಲಿ ಪಾಟಿಯ ಮೇಲೆ ಕೈಹಿಡಿದು ನನಗೆ ಹೆಸರು ತಿದ್ದಿಸಿದವಳೂ ಅವಳೇ. ಆ ಹೆಸರನ್ನು ನಾನು ಅಳಿಸಿದೆ. ಅವಳು ಮತ್ತೆ ಬರೆದಳು. ಮತ್ತೆ ಅಳಿಸಿದೆ.

“ಯಾಕೋ ತಮ್ಮಾ, ಸ್ವಂತ ಹೆಸರ ಮರತ್ಯಾ?”

“ಮರತಿದ್ದೆ ರೀ ಕಾಕಾ,” ಎಂದು, ಒಳಗೆ ಕೂಗಿದೆ. “ಅಕ್ಕಾ, ಸಾಕು. ಹೊರಗ ಬಾ.”

ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಹಿಟ್ಟು. ಅಕ್ಕ ಬಾಗಿಲಲ್ಲಿ ನಿಂತಳು. “ಎಲ್ಲಾ ಇಕೀನ ತಗದಿದ್ದು ರೀ. ನಾ ಎರಡು ವರ್ಷದಿಂದ ಸುಳ್ಳು ಹೇಳೇನಿ,” ಅಂದೆ. ಹಿರಿಯರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. “ನಿನಗ ಇದು ಗೊತ್ತಿತ್ತೇನವಾ?” ಎಂದು ಅವಳನ್ನು ಕೇಳಿದರು.

“ಗೊತ್ತಿತ್ತು ರೀ. ರಾಮದುರ್ಗದಾಗ ಎಲ್ಲಾರೂ ಇವನ್ನ ಶಾಣ್ಯಾ ಅಂತಾರ ಅಂತ ಕೇಳಿದ್ದೆ. ಕೇಳಿ ಛಲೋ ಅನಸ್ತು, ಸುಮ್ನ ಇದ್ದೆ.”

“ಹಂಗಾದ್ರ ನಿನ್ನ ಹೆಸರ ಬರಿಯವಾ,” ಎಂದರು ಹಿರಿಯರು. ನಾನು ಕುರ್ಚಿ ಬಿಟ್ಟು ಎದ್ದೆ. ಅಕ್ಕ ಕೈ ಒರೆಸಿಕೊಂಡು ಕೂತಳು. ಅಷ್ಟೆಲ್ಲ ಹೂ, ಹಕ್ಕಿ ಬಿಡಿಸಿಯೂ ಒಮ್ಮೆಯೂ ತನ್ನ ಹೆಸರು ಬರೆಯದವಳು ಪರದೆಯ ತುಂಬ ಬಾಣವನ್ನು ಅತ್ತಿತ್ತ ಆಡಿಸಿ, ಕೊನೆಗೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

“ನನ್ನ ಹೆಸರ ಎಲ್ಲಿ ಬರೀಲೋ ತಮ್ಮಾ?”