ದೀಪದೆಣ್ಣೆ ಕುಡಿದ ಹುಲ್ಲುಯಂತ್ರದ ಪಾಲನೆ ಪೋಷಣೆ

ಹುಲ್ಲು ನಿರ್ವಹಣಾ ಉಪವಿಭಾಗ (ದಕ್ಷಿಣ), ಜಯನಗರ
ಸಂಖ್ಯೆ: ಹುನಿಉ/ದ/ಯಂತ್ರ/ಎಣ್ಣೆ/07/2025-26
ದಿನಾಂಕ: 27-10-2025

ಸುತ್ತೋಲೆ

ವಿಷಯ: ಕೂತು ಓಡಿಸುವ ಹುಲ್ಲುಯಂತ್ರದ ಹೈಡ್ರೋಸ್ಟಾಟಿಕ್ ಟ್ರಾನ್ಸ್‌ಮಿಷನ್ ನಿರ್ವಹಣೆ ಕುರಿತು.

ಉಲ್ಲೇಖ: 1) ತ್ಯಾಗರಾಜನಗರದ ಶ್ರೀಮತಿ ಶಾಲಿನಿಯವರ ಅರ್ಜಿ.
2) ಅದೇ ಅರ್ಜಿ, ಮತ್ತೊಮ್ಮೆ.
3) ಅದೇ ಅರ್ಜಿ, ಮಗುವಿನ ಫೋಟೋ ಸಹಿತ.

ಅರ್ಜಿದಾರರ ಐದು ವರ್ಷದ ಮಗಳು ಧೃತಿಯ ಕಾಲಿನ ಪ್ಲಾಸ್ಟರ್ ಬಿಚ್ಚಲಾಗಿದ್ದು, ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಸಬೇಕೆಂದು ವೈದ್ಯರು ಹೇಳಿರುತ್ತಾರೆ. ಆದರೆ ಬಡಾವಣೆಯ ಉದ್ಯಾನದ ಹುಲ್ಲು ಮಗುವಿನ ಸೊಂಟ ಮುಟ್ಟಿದೆ ಎಂದು ದೂರಲಾಗಿದೆ. ಹುಲ್ಲು ಬೆಳೆಸುವುದು ಉಪವಿಭಾಗದ ಕರ್ತವ್ಯವಾದ್ದರಿಂದ ದೂರಿನ ಈ ಭಾಗವನ್ನು ಪ್ರಶಂಸೆಯೆಂದು ದಾಖಲಿಸಲಾಗಿದೆ.

ಹುಲ್ಲು ಕತ್ತರಿಸದಿರುವುದಕ್ಕೆ ಕಾರಣ: ಆಯುಧಪೂಜೆಯ ದಿನ ದೀಪದಲ್ಲಿ ಉಳಿದ ಎಣ್ಣೆ ವ್ಯರ್ಥವಾಗಬಾರದೆಂಬ ಸದುದ್ದೇಶದಿಂದ ಅದನ್ನು ಯಂತ್ರದ ಟ್ರಾನ್ಸ್‌ಮಿಷನ್ನಿಗೆ ಸುರಿಯಲಾಯಿತು. ಯಂತ್ರವು ಅಂದಿನಿಂದ ಉದ್ಯಾನದ ನಡುವೆ, ಪೂಜೆ ಮಾಡಿದಲ್ಲೇ ನಿಂತಿದೆ. ಸುರಿದವರು ಯಾರೆಂದು ಉಪನಿರ್ದೇಶಕರಾದ ಶ್ರೀ ಸೋಮನಾಥ್ ಅವರೇ ಖುದ್ದು ತನಿಖೆ ನಡೆಸಿದ್ದು, ಯಾರೂ ಪತ್ತೆಯಾಗಿಲ್ಲ. ಆದ್ದರಿಂದ ಸಿಬ್ಬಂದಿಗೆ ಮತ್ತು ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ:

1. ಸದರಿ ಯಂತ್ರಕ್ಕೆ ಗೇರ್ ಇರುವುದಿಲ್ಲ. ಟ್ರಾನ್ಸ್‌ಮಿಷನ್ನಿನೊಳಗಿನ ಎಣ್ಣೆಯ ಒತ್ತಡದಿಂದಲೇ ಚಕ್ರ ತಿರುಗುತ್ತದೆ. ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕತಕ್ಕದ್ದು. ಕೈಪಿಡಿಯನ್ನು ಬೀರುವಿನಲ್ಲಿ ಭದ್ರವಾಗಿಟ್ಟಿದ್ದು, ಯಾರೂ ತೆರೆಯತಕ್ಕದ್ದಲ್ಲ.

2. ಟ್ರಾನ್ಸ್‌ಮಿಷನ್ ತಂಪಾಗಿಡುವ ಫ್ಯಾನಿಗೆ ಅಂಟಿದ ಕಸವನ್ನು ಪ್ರತಿ ಬಾರಿ ಓಡಿಸಿದ ನಂತರ ತೆಗೆಯತಕ್ಕದ್ದು. ಆದರೆ ಅರಿಶಿನ, ಕುಂಕುಮ ಮತ್ತು ಸೇವಂತಿಗೆ ಎಸಳನ್ನು ಕಸವೆಂದು ಭಾವಿಸುವಂತಿಲ್ಲ. ಪ್ರಸ್ತುತ ಫ್ಯಾನಿನಲ್ಲಿ ಬೇರೇನೂ ಇಲ್ಲ.

3. ಯಂತ್ರವನ್ನು ತಳ್ಳುವ ಮುನ್ನ ಹಿಂಬದಿಯ ಸಣ್ಣ ಹಿಡಿಕೆಯನ್ನು ಎಳೆದು ಚಕ್ರಗಳನ್ನು ಸಡಿಲಗೊಳಿಸಬೇಕು. ಸದರಿ ಹಿಡಿಕೆಗೆ ಬಾಳೆಕಂದು ಕಟ್ಟಿರುವುದರಿಂದ ಎಳೆಯಬಾರದು. ಎಳೆಯದೆ ತಳ್ಳಲೂಬಾರದು.

4. ಚಾಲಕ ಕೆಂಪರಾಜು ಅವರು ಪೂಜೆಯ ವೇಳೆ “ಅಯ್ಯೋ ಸಾರ್, ಅದು ದೀಪದೆಣ್ಣೆ ಸಾರ್, ಹುಯ್ಬೇಡಿ!” ಎಂದು ಕೂಗಿದ್ದು, “ಎಣ್ಣೆ ಎಣ್ಣೇನೇ ಕಣಯ್ಯ, ದೇವ್ರ ಮುಂದೆ ಉರ್ದಿರೋದು, ಇದಕ್ಕಿಂತ ಶುದ್ಧ ಯಾವ್ದಿದೆ?” ಎಂದು ಅವರಿಗೆ ಸೂಕ್ತ ತಿಳಿವಳಿಕೆ ನೀಡಲಾಗಿದೆ. ಪೂಜಾಸ್ಥಳದಲ್ಲಿ ದನಿ ಎತ್ತಿದ್ದಕ್ಕೆ ಅವರಿಂದ ವಿವರಣೆ ಕೇಳಲಾಗಿದೆ.

5. ಯಂತ್ರವು ಕೆಟ್ಟಿದೆ ಎನ್ನಬಾರದು, ವಿಶ್ರಾಂತಿಯಲ್ಲಿದೆ ಎನ್ನತಕ್ಕದ್ದು. ಬೆಳಗಿನ ವಾಕಿಂಗಿಗೆ ಬರುವ ನಿವೃತ್ತರಾದ ಶ್ರೀ ವೆಂಕಟಾಚಲ ಅವರು “ಏನ್ರೀ ಸೋಮನಾಥ್, ಹೆಂಗೂ ಅಲ್ಲಾಡಲ್ಲ, ಅಲ್ಲೇ ಒಂದು ಗುಡಿ ಕಟ್ಸಿಬಿಡಿ” ಎಂದಿರುತ್ತಾರೆ. ಸಲಹೆಯು ಪರಿಶೀಲನೆಯಲ್ಲಿದೆ.

6. ಕಳೆದ ಭಾನುವಾರ ಅರ್ಜಿದಾರರು ಜರಗನಹಳ್ಳಿಯ ಸಪ್ಪಲಮ್ಮ ಎಂಬುವರಿಂದ ಕುಡುಗೋಲು ತಂದು, ಗೇಟಿನಿಂದ ಯಂತ್ರದವರೆಗೆ ಒಂದು ಮಗು ನಡೆಯುವಷ್ಟು ಅಗಲಕ್ಕೆ ಹುಲ್ಲು ಕೊಯ್ದಿರುತ್ತಾರೆ. ಮಗುವು ಅಮ್ಮನ ಸೆರಗು ಹಿಡಿದು ಹೊರಟು, ಅರ್ಧ ದಾರಿಯಲ್ಲಿ ಸೆರಗು ಬಿಟ್ಟು, ಯಂತ್ರದ ಸೀಟು ಮುಟ್ಟಿ “ಅಮ್ಮಾ, ಬಂದೆ!” ಎಂದು ಕೂಗಿರುವುದನ್ನು ಕಾವಲುಗಾರರು ವರದಿ ಮಾಡಿರುತ್ತಾರೆ. ಇದು ಸರ್ಕಾರಿ ಹುಲ್ಲಿನ ಕಳವು.

7. ಆದಾಗ್ಯೂ, ಸದರಿ ಹಾದಿಯು ಚೆನ್ನಾಗಿ ಮೂಡಿಬಂದಿರುವುದರಿಂದ, ಅದನ್ನು ಉಪವಿಭಾಗವೇ ನಿರ್ಮಿಸಿದೆ ಎಂದು ಘೋಷಿಸಲಾಗಿದೆ. ಗಣ್ಯರ ಸಮಯ ಸಿಕ್ಕ ಕೂಡಲೇ ಉದ್ಘಾಟಿಸಲಾಗುವುದು.

ಸಹಿ/-
(ಸೋಮನಾಥ್)
ಉಪನಿರ್ದೇಶಕರು ಹಾಗೂ ತನಿಖಾಧಿಕಾರಿ

ಪ್ರತಿಗಳು:
1. ಚಾಲಕ ಕೆಂಪರಾಜು: ಮೆಲುದನಿಯಲ್ಲಿ ಓದಿಕೊಳ್ಳಲು.
2. ಸಪ್ಪಲಮ್ಮ, ಜರಗನಹಳ್ಳಿ: ಕುಡುಗೋಲಿಗೆ ಎಣ್ಣೆ ಬೇಕಾದಲ್ಲಿ ಕಚೇರಿಯನ್ನು ಸಂಪರ್ಕಿಸಲು.
3. ಶ್ರೀಮತಿ ಶಾಲಿನಿ: ಕೊಯ್ದ ಹುಲ್ಲನ್ನು ಹಿಂತಿರುಗಿಸಲು.
4. ಕುಮಾರಿ ಧೃತಿ: ಉದ್ಘಾಟನೆಯಾಗುವವರೆಗೆ ನಡೆಯದಿರಲು.