ನಮ್ಮ ಮಾವ ಗ್ರೇಡರ್ ಕಲಿತದ್ದು

ನಮ್ಮ ಸೋದರಮಾವನನ್ನು ಊಟಕ್ಕೆ ಕರೆಯುವ ಧೈರ್ಯ ನಿಮಗಿದ್ದರೆ, ಮೊದಲು ನಿಮ್ಮ ಮನೆಯ ನೆಲವನ್ನು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಅಡುಗೆ ಹೇಗಿದ್ದರೂ ನಡೆಯುತ್ತದೆ. ಸಾರಿಗೆ ಉಪ್ಪು ಮರೆತಿದ್ದರೂ ಅವನು ಕ್ಷಮಿಸುತ್ತಾನೆ. ಆದರೆ ನೆಲ ಕೂದಲೆಳೆಯಷ್ಟು ಓರೆಯಾಗಿದ್ದರೂ ನಿಮ್ಮ ಮಾನ ಉಳಿಯುವುದಿಲ್ಲ! ಅವನ ಅಂಗಿಯ ಜೇಬಿನಲ್ಲಿ ಸದಾ ಒಂದು ಗಾಜಿನ ಗೋಲಿ ಇರುತ್ತದೆ. ಅರವತ್ತರ ಹತ್ತಿರದ ಮನುಷ್ಯ ಗೋಲಿ ಇಟ್ಟುಕೊಂಡು ಓಡಾಡುವುದು ಆಡಲಿಕ್ಕೆ ಅಂದುಕೊಂಡಿರಾ? ಅಲ್ಲ, ನೆಲದ ಜಾತಕ ನೋಡಲಿಕ್ಕೆ.

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ನಾವು ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡಾಗ ಹೋಮದ ಹೊಗೆ ಇನ್ನೂ ಆರಿರಲಿಲ್ಲ, ಮಾವ ದೇವರ ಮನೆಯ ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ಗೋಲಿ ಬಿಟ್ಟ. ಅದು ಬಂಧುಗಳ ಕಾಲುಗಳ ನಡುವೆ ದಾರಿ ಮಾಡಿಕೊಂಡು, ಹಾಲ್ ದಾಟಿ, ಊಟದ ಮೇಜಿನ ಕೆಳಗೆ ಹಾದು, ನೇರ ಬಚ್ಚಲಿಗೆ ಹೋಗಿ ನಿಂತಿತು.

“ನೋಡು ಅಳಿಯಾ, ನಿಮ್ಮ ದೇವ್ರಿಗೆ ಅನುಕೂಲ ಆತು. ದಿನಾ ಸ್ನಾನಕ್ಕೆ ನಡೆಯೋದು ಬ್ಯಾಡ, ಜಾರಿದ್ರೆ ಸಾಕು!”

ಮನೆ ಕಟ್ಟಿದ ಮೇಸ್ತ್ರಿ ಅಂದು ಊಟಕ್ಕೆ ನಿಲ್ಲಲಿಲ್ಲ. ಈಗಲೂ ನಮ್ಮ ಮನೆಯಲ್ಲಿ ಮಾತ್ರೆ, ಗುಂಡಿ, ಪೆನ್ನಿನ ಮುಚ್ಚಳ ಏನೇ ಕೈಜಾರಿದರೂ ಮೊದಲು ಬಚ್ಚಲಲ್ಲಿ ಹುಡುಕುತ್ತೇವೆ. ಸಿಗುತ್ತದೆ ಕೂಡ.

ಈ ರೋಗ ಎಲ್ಲಿಂದ ಹತ್ತಿತು ಎಂದು ಕೇಳುತ್ತೀರಾ? ಮಾವ ಹರಿಹರದ ಹತ್ತಿರ ಸಾರಥಿಯಲ್ಲಿ ಭತ್ತ ಬೆಳೆಯುವವನು. ನಾಟಿಗೆ ಮೊದಲು ಕೆಸರುಗದ್ದೆಯಲ್ಲಿ ಮರದ ಹಲಗೆ ಎಳೆದು ಮಟ್ಟ ಮಾಡುತ್ತಾರಲ್ಲ, ಆ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಹಲಗೆಯ ಮೇಲೆ ತಾನೇ ನಿಂತು, ಎತ್ತುಗಳ ಜೊತೆ ಮಾತಾಡುತ್ತ, ಒಮ್ಮೆ ಈ ಕಾಲಿಗೆ ಒಮ್ಮೆ ಆ ಕಾಲಿಗೆ ಭಾರ ಹಾಕುತ್ತ ಹೋದನೆಂದರೆ ಮುಗಿಯಿತು. ಅವನ ಗದ್ದೆಯ ಯಾವ ಮೂಲೆಯಲ್ಲಿ ಬೆರಳಿಟ್ಟರೂ ನೀರು ಒಂದೇ ಗೆರೆಗೆ ಬರುತ್ತದೆ. ಊರಿನವರೆಲ್ಲ ಹೊಗಳುತ್ತಾರೆ. ಹೊಗಳಿದ್ದೇ ತಪ್ಪಾಯಿತು ನೋಡಿ! ಗದ್ದೆಯಲ್ಲಿ ಇರಬೇಕಾದ ಹಟ ನಮ್ಮ ಬಚ್ಚಲಿನವರೆಗೂ ಬಂತು.

ಒಮ್ಮೆ ಬೆಣ್ಣೆದೋಸೆ ತಿನ್ನಿಸಲು ಕರೆದುಕೊಂಡು ಹೋಗಿದ್ದೆ. ಮಾವ ದೋಸೆ ತಿನ್ನುವ ಬದಲು ಕಣ್ಣಿನ ಮಟ್ಟಕ್ಕೆ ತಟ್ಟೆ ಎತ್ತಿ ನೋಡಿದ. ಆಮೇಲೆ ತಟ್ಟೆ ಹಿಡಿದುಕೊಂಡು ಸೀದಾ ಹಂಚಿನ ಹತ್ತಿರ ಹೋದ.

“ಏನ್ರೀ ಇದು? ನಡುವೆ ದಪ್ಪ, ಅಂಚಿಗೆ ತೆಳ್ಳಗೆ?”

ದೋಸೆ ಭಟ್ಟರು ತಲೆ ಎತ್ತಲಿಲ್ಲ. “ಯಜಮಾನ್ರೇ, ನಡುವೆ ಏರು ಇರ್ಲಿಲ್ಲಾಂದ್ರೆ ಬೆಣ್ಣೆ ಅಲ್ಲೇ ಮಡುಗಟ್ಟಿ ಕುಂದ್ರತೈತೆ. ಏರು ಇದ್ರೆ ಅಂಚಿಗೆ ತಾನೇ ಇಳೀತೈತೆ. ತಿನ್ರಿ, ಆರೋಗತೈತೆ.”

“ಕೈಲಾಗದವ್ರಿಗೆ ನೆಪ ಬಾಳ” ಎಂದು ಮಾವ ಗೊಣಗಿದ. ಗೊಣಗುತ್ತಲೇ ಇನ್ನೊಂದು ದೋಸೆ ಹೇಳಿದ.

ಇನ್ನು ಅವನ ಅಕ್ಕ, ಅಂದರೆ ನನ್ನ ಅಮ್ಮ. ಚಿಕ್ಕಂದಿನಲ್ಲಿ ಪೋಲಿಯೊ ತಗುಲಿ ಅವಳ ಎಡಗಾಲು ತುಸು ಗಿಡ್ಡ. ಒಂದೊಂದು ಹೆಜ್ಜೆಗೂ ಎಡಕ್ಕೆ ವಾಲಿ ನಡೆಯುತ್ತಾಳೆ. ಇಬ್ಬರೂ ಶಾಲೆಗೆ ಹೋಗುವಾಗ ಮಾವ ಮುಂದೆ ಮುಂದೆ ಓಡಿ, ದಾರಿಯ ಕಲ್ಲುಗಳನ್ನು ಒದ್ದು ಬದಿಗೆ ಹಾಕುತ್ತಿದ್ದನಂತೆ. ಅದೇ ದಾರಿಯಲ್ಲಿ, ಬಸ್ ನಿಲ್ಲುವ ಕಡೆಯಿಂದ ಮಾವನ ಮನೆಗೆ ಹೋಗುವಾಗ, ಕೆಲವು ವರ್ಷಗಳ ಹಿಂದೆ ಟ್ರ್ಯಾಕ್ಟರ್ ಗಾಲಿ ಕೊರೆದ ಕೊರಕಲಿಗೆ ಕಾಲಿಟ್ಟು ಅಮ್ಮ ಬಿದ್ದಳು. ಮಣಿಕಟ್ಟು ಮುರಿಯಿತು. ಅಂದಿನಿಂದ ಪಂಚಮಿ ಹಬ್ಬಕ್ಕೆ ತವರಿಗೆ ಹೋಗುವುದು ನಿಂತಿತು.

ಪಂಚಮಿಗೆ ಅಕ್ಕ ಬರಲಿಲ್ಲ ಎಂದರೆ ನಮ್ಮ ಕಡೆ ತಮ್ಮನಾದವನಿಗೆ ಹಬ್ಬವೇ ಇಲ್ಲ. ಪ್ರತಿ ವರ್ಷ ಮಾವ ಉಂಡೆಯ ಡಬ್ಬಿ ಹಿಡಿದು ತಾನೇ ದಾವಣಗೆರೆಗೆ ಬರುವನು, ಮುಖ ಸಣ್ಣದು ಮಾಡಿಕೊಂಡು ಕೂರುವನು.

“ಟ್ರ್ಯಾಕ್ಟರ್ ಕಳಿಸ್ತೀನಿ, ಬಾರಕ್ಕಾ.”

“ನಾನೇನು ಗೊಬ್ಬರದ ಚೀಲ ಏನೋ? ನಡ್ಕಂಡು ಬೆಳೆದ ದಾರಿ ಅದು. ಮೊದ್ಲು ದಾರಿ ಸರಿ ಮಾಡು, ನಡ್ಕಂಡೇ ಬರ್ತೀನಿ.”

ಬೇರೆ ಯಾರಾದರೂ ಆಗಿದ್ದರೆ ಇದನ್ನು ಮಾತು ಮುಗಿಸುವ ಮಾತು ಎಂದುಕೊಳ್ಳುತ್ತಿದ್ದರು. ಮಾವ ಅದನ್ನು ಆರ್ಡರ್ ಎಂದು ತಿಳಿದ.

ಈ ಬೇಸಿಗೆಯಲ್ಲಿ ಆ ದಾರಿಗೆ ಗ್ರಾವೆಲ್ ಹಾಕುವ ಕೆಲಸ ಮಂಜೂರಾಗಿ ಗ್ರೇಡರ್ ಬಂತು. ನೀವು ಗ್ರೇಡರ್ ನೋಡಿದ್ದೀರಲ್ಲ? ಉದ್ದ ಕತ್ತು, ಹಿಂದೆ ನಾಲ್ಕು ಮುಂದೆ ಎರಡು ಗಾಲಿ, ಹೊಟ್ಟೆಯ ಕೆಳಗೆ ಓರೆಯಾಗಿ ಕಟ್ಟಿದ ಉಕ್ಕಿನ ಅಲಗು. ಹಾಕಿದ ಮಣ್ಣನ್ನು ಹೆರೆದು, ಹರಡಿ, ಮಟ್ಟ ಮಾಡಿಕೊಂಡು ಹೋಗುತ್ತದೆ. ಅದನ್ನು ನೋಡಿದ ಕೂಡಲೇ ಮಾವ ನನಗೆ ಫೋನ್ ಮಾಡಿದ.

“ಅಳಿಯಾ, ಯಾರೋ ನನ್ನ ಹಲಗಿಗೆ ಇಂಜಿನ್ ಕೂರ್ಸ್ಯಾರೆ!”

ಯಂತ್ರ ನಿಲ್ಲಿಸಲು ಗುತ್ತಿಗೆದಾರರಿಗೆ ಜಾಗ ಬೇಕಿತ್ತು. ಮಾವನ ಕಣ ಖಾಲಿ ಇತ್ತು. ಬಾಡಿಗೆ ಕೇಳಿದರೆ ಮಾವ, “ಬಾಡಿಗೆ ಬ್ಯಾಡ್ರಿ, ಕಲಿಸ್ರಿ” ಎಂದ! ಆಪರೇಟರ್ ಹರಿಹರದವನು, ಮಾವನ ಅರ್ಧ ವಯಸ್ಸು, ಮಾತಿನಲ್ಲಿ ಮಾತ್ರ ದುಪ್ಪಟ್ಟು. ಮೊದಲು ನಕ್ಕ, ಆಮೇಲೆ ಕಣದೊಳಗೆ ಮಾತ್ರ ಎಂಬ ಷರತ್ತು ಹಾಕಿ ಒಪ್ಪಿದ. ಮಾರನೆಯ ಬೆಳಿಗ್ಗೆ ಮಾವ ಸ್ನಾನ ಮಾಡಿ, ವಿಭೂತಿ ಹಚ್ಚಿ, ತೆಂಗಿನಕಾಯಿ, ಹೂವು ಮತ್ತು ಗಾಲಿಗೊಂದರಂತೆ ನಿಂಬೆಹಣ್ಣು ಹಿಡಿದು ಹಾಜರಾದ.

“ಇಷ್ಟೊಂದು ನಿಂಬೆಹಣ್ಣು ಯಾಕ್ರೀ ಯಜಮಾನ್ರೇ?”

“ಹಿಂದಿನ ಗಾಲಿಗೆ ಬ್ಯಾಸರ ಆಗಬಾರ್ದಲ್ಲ!”

ಕಲಿಕೆ ಶುರುವಾಯಿತು. ಒಂದು ಹಿಡಿಕೆ ಅಲಗಿನ ಎಡತುದಿ ಎತ್ತಲು, ಒಂದು ಬಲತುದಿಗೆ, ಒಂದು ಅಲಗು ತಿರುಗಿಸಲು. ಇವೆಲ್ಲ ಮಾವನಿಗೆ ಒಪ್ಪಿಗೆಯಾದವು. ಆದರೆ ಇನ್ನೊಂದು ಹಿಡಿಕೆ ಎಳೆದಾಗ ಮುಂದಿನ ಎರಡೂ ಗಾಲಿಗಳು ಕುಡಿದವರಂತೆ ಪಕ್ಕಕ್ಕೆ ವಾಲಿದವು. ಮಾವ ಕೂಗಿಕೊಂಡ. “ಏಯ್, ಗಾಲಿ ಬಿದ್ದೋತು, ನಿಲ್ಸು!”

“ಬಿದ್ದಿಲ್ರಿ. ಮಣ್ಣು ಗಾಡಿ ಮೂತಿನ ಆ ಕಡೆ ದಬ್ಬತೈತೆ. ಗಾಲಿ ಈ ಕಡೆ ವಾಲಿದ್ರೇನೇ ಗಾಡಿ ನೆಟ್ಟಗೆ ಹೋಗೋದು.”

ಮಾವ ಆ ದಿನವೆಲ್ಲ ಅದನ್ನೇ ಯೋಚಿಸಿದನಂತೆ. ಸಂಜೆ ಅಮ್ಮನಿಗೆ ಫೋನ್ ಬಂತು. “ಅಕ್ಕಾ, ಈ ಮಿಷಿನ್ನೂ ನಿನ್ನಂಗೇ ವಾಲಿಕೊಂಡು ನಡೀತೈತೆ. ಆದ್ರೂ ಏನು ದಿಮಾಕು ಅಂತೀ!”

“ಯಾಕೋ, ನನ್ನ ದಿಮಾಕು ಏನು ಕಡಿಮೆ ಐತೆ?” ಎಂದಳು ಅಮ್ಮ.

ಮೊದಮೊದಲು ಕಣದ ಗತಿ ನೋಡಬಾರದು! ಉಬ್ಬು ಕಂಡರೆ ಮಾವ ಗಾಬರಿಯಿಂದ ಅಲಗು ಇಳಿಸುವನು, ತಗ್ಗು ಕಂಡರೆ ಎತ್ತುವನು. ಅಷ್ಟರಲ್ಲಿ ಗಾಲಿ ಆ ತಗ್ಗಿಗೇ ಇಳಿದು ಹೊಸ ಉಬ್ಬು ಹುಟ್ಟುವುದು. ಯಂತ್ರ ನಿಲ್ಲಿಸಬೇಕಾದಾಗ ಬ್ರೇಕ್ ಒತ್ತುವುದನ್ನು ಬಿಟ್ಟು “ಹೋ, ಹೋ, ಹೋ” ಎಂದು ಎತ್ತಿಗೆ ಹೇಳುವಂತೆ ಹೇಳಿದ್ದೂ ಉಂಟು. ಯಂತ್ರ ಕೇಳಲಿಲ್ಲ, ಹುಲ್ಲಿನ ಬಣವೆಗೆ ಮುತ್ತಿಟ್ಟೇ ನಿಂತಿತು. ಕಣದ ತುಂಬ ಎದ್ದ ಅಲೆಗಳನ್ನು ನೋಡಿ ಅತ್ತೆ, “ಇನ್ಮ್ಯಾಲೆ ಭತ್ತ ಒಣಗಿಸಾಕೆ ತೆಪ್ಪದಾಗೆ ಹೋಗ್ಬೇಕೇನ್ರಿ?” ಎಂದು ಕೇಳಿದಳು.

“ಕೈ ಸುಮ್ನಿರ್ಲಿ ಯಜಮಾನ್ರೇ” ಎನ್ನುವುದು ಆಪರೇಟರನ ದಿನದ ಮಂತ್ರ. “ಕಂಡದ್ದಕ್ಕೆಲ್ಲ ಎಳೀಬ್ಯಾಡ್ರಿ. ನಿಧಾನಕ್ಕೆ ಹೋಗ್ರಿ.”

ನಮ್ಮ ಮನೆಗೆ ಬಂದಾಗಲೂ ಮಾವ ಎರಡು ಸೌಟು ಹಿಡಿದು ಕೂರುತ್ತಿದ್ದ. ತಟ್ಟೆಯ ಮಂಡಕ್ಕಿಯನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಹೆರೆದು, ಹರಡಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. “ತಿನ್ನೋ ಮಾರಾಯ, ಮೆಣಸಿನಕಾಯಿ ಬಜ್ಜಿ ಆರ್ತಾ ಐತೆ” ಎಂದು ಅಮ್ಮ ಬೈಯುತ್ತಿದ್ದಳು. ಬೈಗುಳದ ಒಳಗೆ ಖುಷಿ ಇತ್ತು. ತನ್ನ ಒಂದು ಮಾತಿಗೆ ಇವನು ಎಲ್ಲಿಯವರೆಗೆ ಹೋಗುತ್ತಾನೆ ಎಂಬ ಕುತೂಹಲ ಅವಳಿಗೂ ಇತ್ತು, ನನಗೂ ಇತ್ತು.

ಅಂತೂ ಕಣ ಕನ್ನಡಿಯಾಯಿತು. ಮುಂಗಾರು ಹಣಕುತ್ತಿತ್ತು, ಯಂತ್ರ ಬೇರೆ ಊರಿಗೆ ಹೋಗುವ ದಿನ ಹತ್ತಿರವಾಗಿತ್ತು. ಮಾವನ ಮನೆಯ ಮುಂದಿನ ಕೊನೆಯ ತುಂಡು ದಾರಿಯನ್ನು ಮಾವನೇ ಮಾಡಲಿ ಎಂದು ಆಪರೇಟರ್ ದೊಡ್ಡ ಮನಸ್ಸು ಮಾಡಿ, ತಾನು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ. ಊಟ, ನಿದ್ದೆ ಎರಡೂ ಮುಗಿಸಿ ಅವನು ಎದ್ದು ಬರುವಷ್ಟರಲ್ಲಿ ಮಾವ ದಾರಿಯ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಗೋಲಿ ಇಟ್ಟಲ್ಲೇ ಇತ್ತು. ಅಂಚಿಗಿಟ್ಟರೂ ಅಲುಗಲಿಲ್ಲ!

ಆಪರೇಟರ್ ತಲೆ ಚಚ್ಚಿಕೊಂಡ. “ಯಜಮಾನ್ರೇ, ನಡುವೆ ಏರು ಎಲ್ರಿ?”

“ಏರು ಯಾಕ? ಸಮ ಆಗೈತಲ್ಲ!”

ಉತ್ತರ ಆ ಸಂಜೆಯೇ ಸುರಿಯಿತು. ಮಾರನೆಯ ದಿನ ಭಾನುವಾರ, ನೋಡಲೆಂದು ನಾನೂ ಹೋಗಿದ್ದೆ. ಆಪರೇಟರ್ ಮಾಡಿದ ದಾರಿಯೆಲ್ಲ ನೀರು ಬಸಿದು ಮೈ ಒಣಗಿಸಿಕೊಳ್ಳುತ್ತಿತ್ತು. ಮಾವ ಮಾಡಿದ ತುಂಡಿನಲ್ಲಿ ಮಾತ್ರ ಈ ಅಂಚಿನಿಂದ ಆ ಅಂಚಿಗೆ ನೀರು ನಿಂತಿತ್ತು. ಎಷ್ಟು ಸಮನಾಗಿ ನಿಂತಿತ್ತು ಅಂತೀರಿ! ಬೆಳ್ಳಕ್ಕಿಗಳು ಗದ್ದೆ ಎಂದೇ ನಂಬಿ ಇಳಿದು ಹುಳು ಹುಡುಕುತ್ತಿದ್ದವು.

“ಯಾವ ತಳಿ ನಾಟಿ ಮಾಡ್ತೀರಿ ಗೌಡ್ರೇ?” ಎಂದು ದಾರಿಹೋಕರು ಕೇಳಿದರು.

ಆಪರೇಟರ್ ನಗಲಿಲ್ಲ. “ನನ್ನ ಕೆಲಸಕ್ಕೆ ಕುತ್ತು ತಂದ್ರಿ. ಇನ್ನು ಸೀಟಿಗೆ ಹತ್ತಬ್ಯಾಡ್ರಿ” ಎಂದು ಮುಖ ತಿರುಗಿಸಿದ.

ಮಾವ ಕಟ್ಟೆಯ ಮೇಲೆ ಕೂತ. “ಈ ವರ್ಷಾನೂ ಅಕ್ಕ ಬರಲ್ಲ ಬಿಡು” ಎಂದ. ಜೀವಮಾನವೆಲ್ಲ ನೀರು ನಿಲ್ಲಿಸಲು ಕಲಿತ ಕೈಯಿಂದ ಆದ ತಪ್ಪು ಇದು. ಬೇರೆ ಯಾರಿಂದ ಆದೀತು? ಬೆಳ್ಳಕ್ಕಿಗಳನ್ನೇ ನೋಡುತ್ತಿದ್ದ ಮಾವ ಇದ್ದಕ್ಕಿದ್ದಂತೆ ಕೇಳಿದ.

“ಅಳಿಯಾ, ಆ ದೋಸೆ ಭಟ್ರು ಏನಂದಿದ್ರು?”

ಹೇಳಿದೆ. ಮಾವ ಎದ್ದು ಆಪರೇಟರನ ಮುಂದೆ ಹೋಗಿ ನಿಂತ. “ನಡುವೆ ದಪ್ಪ, ಅಂಚಿಗೆ ತೆಳ್ಳಗೆ. ಬೆಣ್ಣೆ ಅಂಚಿಗಿಳೀಬೇಕು. ತಿಳೀತ್ರಿ. ಇದೊಂದ್ಸಲ ಬಿಡ್ರಿ.”

ಇಂಥ ಪಾಠ ಒಪ್ಪಿಸಿದ ಶಿಷ್ಯ ಆಪರೇಟರನಿಗೆ ಬೇರೆ ಸಿಕ್ಕಿರಲಾರ. ಕೊನೆಗೂ ನಕ್ಕ. ನೆಲ ಆರಿದ ಮೇಲೆ ಪಕ್ಕದಲ್ಲೇ ನಿಂತು ಮಾವನಿಂದಲೇ ಮಾಡಿಸಿದ. ಗಾಲಿ ವಾಲಿಸಿ, ಅಲಗಿನ ಒಂದು ತುದಿ ಇಳಿಸಿ, ಕೈ ಸುಮ್ಮನಿಟ್ಟು, ಮಾವ ಹಲ್ಲು ಕಚ್ಚಿಕೊಂಡು ನೆಲವನ್ನು ಓರೆ ಮಾಡಿದ. ಮುಗಿದ ಮೇಲೆ ನಡುವೆ ಗೋಲಿ ಇಟ್ಟ. ಅದು ಓಡಿಹೋಗಿ ಚರಂಡಿಗೆ ಬಿತ್ತು.

“ಪಾಸ್!” ಎಂದ ಆಪರೇಟರ್.

“ಸೊಟ್ಟ ಐತೆ. ಬೇಕಂತಲೇ ಸೊಟ್ಟ” ಎಂದು ಮಾವ ಗೋಲಿ ತೊಳೆದು ಜೇಬಿಗಿಟ್ಟ.

ಪಂಚಮಿಗೆ ಅಮ್ಮ ಮಾತು ಉಳಿಸಿಕೊಂಡಳು. ಬಸ್ಸಿಳಿದವಳ ಮುಂದೆ ಮಾವ ತಪ್ಪಿತಸ್ಥನಂತೆ ನಿಂತಿದ್ದ. “ಸಮ ಮಾಡಾಕೆ ಬಿಡ್ಲಿಲ್ಲ ಅಕ್ಕಾ ಆ ಆಪರೇಟರ್. ಹುಷಾರು.” ಅಮ್ಮ ರೂಢಿಯಂತೆ ಎಡಬದಿ ಹಿಡಿದು ನಡೆದಳು. ಅಯ್ಯೋ, ವಾಲುವುದು ಇನ್ನೂ ಹೆಚ್ಚಾಯಿತು! ಮಾವನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಹಿಂದಿನಿಂದ ಒಂದು ಬೈಕು ಹಾರ್ನ್ ಹಾಕಿತು. ಅಮ್ಮ ದಾರಿ ದಾಟಿ ಬಲಬದಿಗೆ ಹೋದಳು.

ನಾನು ನಿಂತುಬಿಟ್ಟೆ. ಅಮ್ಮ ವಾಲದೆ ನಡೆಯುತ್ತಿದ್ದಳು. ದಾರಿಯ ನಡು ಎತ್ತರ, ಅಂಚು ತಗ್ಗು. ಬಲಬದಿಯಲ್ಲಿ ನಡೆಯುವವರ ಎಡಗಾಲು ಎತ್ತರದ ಕಡೆಗೆ ಬೀಳುತ್ತದೆ. ಗಿಡ್ಡ ಕಾಲಿಗೆ ಬೇಕಾದಷ್ಟು ನೆಲ ತಾನೇ ಎದ್ದು ಬಂದಿತ್ತು. ಹುಟ್ಟಿದಾಗಿನಿಂದ ನಾನು ನೋಡದ ನಡಿಗೆ ಅದು. ಅಮ್ಮನಿಗೂ ಗೊತ್ತಾಗಿರಬೇಕು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೆಜ್ಜೆ ಬೀಸಾಗಿ ಹಾಕಿದಳು.

ಸ್ವಲ್ಪ ದೂರ ಹೋಗಿ ತಿರುಗಿ ನೋಡಿದಳು. “ಯಾಕೋ ಹಿಂದೆ ಉಳಿದೆ? ಸಾಲಿಗೆ ಹೋಗುವಾಗ ಮುಂದೆ ಮುಂದೆ ಓಡ್ತಿದ್ದೆಲ್ಲ?”

ಮಾವ ಕಣ್ಣೊರೆಸಿಕೊಂಡ. “ನೀ ನಡಿ ಅಕ್ಕಾ. ಮುಂದೆ ಹೋದ್ರೆ ನೀ ನಡೆಯೋದು ನಂಗೆ ಕಾಣಲ್ಲ.”